ಹಾಳು ಮಾಡಲು ಒಂದು ಬಾನೆಟ್

ಕಾರಿನ ಪೇಂಟ್ ಉಜ್ಜುವುದು, ಪಾಲಿಶ್ ಮಾಡುವುದು ಕಲಿಸುವ ಒಂದೆರಡು ದಿನದ ತರಗತಿಗಳ ಬಗ್ಗೆ ಇವತ್ತು ಮಾತಾಡೋಣ. ಬೆಂಗಳೂರಿನ ಹೂಡಿ, ಮಹದೇವಪುರ, ವೈಟ್‌ಫೀಲ್ಡ್ ಕಡೆ ಈ ಕೆಲಸ ಕಲಿಯಬೇಕು ಅನ್ನುವವರಲ್ಲಿ ಎರಡು ಥರದವರಿದ್ದಾರೆ. ಕೆಲವರಿಗೆ ಸ್ವಂತ ಕಾರಿನ ಮೇಲಿನ ಪ್ರೀತಿ, ಇನ್ನು ಕೆಲವರಿಗೆ ಹೊಟ್ಟೆಪಾಡು. ಇಬ್ಬರಿಗೂ ನಾನು ಹೇಳುವುದು ಒಂದೇ. ಅಲ್ಲಿರುವ ಮಷಿನ್ ನೋಡಿ ಅಥವಾ ಕೊನೆಗೆ ಕೊಡುವ ಸರ್ಟಿಫಿಕೇಟ್ ನೋಡಿ ತರಗತಿಯ ಗುಣ ಅಳೆಯಬೇಡಿ. ನಿಮ್ಮ ಕೈಗೆ ಒಂದು ಗುಜರಿ ಬಾನೆಟ್ ಕೊಟ್ಟು, ಅದರ ಪೇಂಟ್ ಕಿತ್ತುಹೋಗುವವರೆಗೂ ಉಜ್ಜಲು ಬಿಡುತ್ತಾರಾ ಅಂತ ಕೇಳಿ.

ಪಾಲಿಶ್ ಅಂದರೆ ಏನನ್ನೋ ಬಳಿಯುವ ಕೆಲಸ ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಅದು ತೆಗೆಯುವ ಕೆಲಸ. ಫ್ಯಾಕ್ಟರಿಯಿಂದ ಬಂದ ಕಾರಿನ ಮೇಲೆ ಸಾಮಾನ್ಯವಾಗಿ ನಾಲ್ಕು ಪದರ ಇರುತ್ತವೆ. ತುಕ್ಕು ತಡೆಯುವ ಇ-ಕೋಟ್, ಪ್ರೈಮರ್, ಬಣ್ಣದ ಬೇಸ್ ಕೋಟ್, ಎಲ್ಲದರ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ನಾಲ್ಕೂ ಸೇರಿದರೆ ಸುಮಾರು 100ರಿಂದ 150 ಮೈಕ್ರಾನ್, ಅಂದರೆ ಮಿಲಿಮೀಟರ್‌ನ ಆರನೇ ಒಂದು ಭಾಗವೂ ಇಲ್ಲ. ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು 35ರಿಂದ 50 ಮೈಕ್ರಾನ್, ತಲೆಗೂದಲಿಗಿಂತಲೂ ತೆಳು. ಹೊಳಪು ಇರುವುದೂ ಅದರಲ್ಲೇ, ಬಿಸಿಲಿನ ಅತಿನೇರಳೆ ಕಿರಣ ತಡೆಯುವ ಶಕ್ತಿ ಇರುವುದೂ ಮುಖ್ಯವಾಗಿ ಅದರಲ್ಲೇ. ಏಳೆಂಟು ಮೈಕ್ರಾನ್‌ಗಿಂತ ಹೆಚ್ಚು ತೆಗೆದರೆ ಕೆಲವು ವರ್ಷಗಳಲ್ಲಿ ಪೇಂಟ್ ಮಂಕಾಗಿ ಸಿಪ್ಪೆ ಏಳುವ ಅಪಾಯ ಇದೆ ಅನ್ನುವುದು ಈ ಕಸುಬಿನವರ ಅಂದಾಜು. ಈಗ ವಾಟರ್ ಪೇಪರ್ ಕಡೆ ನೋಡಿ. ಪಿ1500 ಪೇಪರಿನ ಕಣದ ಸರಾಸರಿ ಗಾತ್ರವೇ 12.6 ಮೈಕ್ರಾನ್, ಪಿ2000ದ್ದು 10ರ ಆಸುಪಾಸು. ಕಣ ಪೂರ್ತಿ ಒಳಗಿಳಿಯುವುದಿಲ್ಲ, ನಿಜ. ಆದರೂ ಪೇಪರ್ ಹಾಕಿ, ಪೇಪರಿನ ಗೀರು ತೆಗೆಯಲು ಕಾಂಪೌಂಡ್ ಹಾಕಿ, ಕಾಂಪೌಂಡಿನ ಮಬ್ಬು ತೆಗೆಯಲು ಫಿನಿಶಿಂಗ್ ಪಾಲಿಶ್ ಹಾಕುವಷ್ಟರಲ್ಲಿ ಆ ಏಳೆಂಟು ಮೈಕ್ರಾನ್‌ನ ಬಹುಪಾಲು ಒಂದೇ ಮಧ್ಯಾಹ್ನದಲ್ಲಿ ಖರ್ಚಾಗಬಹುದು.

ಪೇಂಟಿನ ದಪ್ಪ ಅಳೆಯುವ ಗೇಜ್ ಇದೆಯಲ್ಲ, ಅಳೆದುಕೊಂಡು ಉಜ್ಜಿದರಾಯಿತು ಅನ್ನುವವರಿದ್ದಾರೆ. ಗೇಜ್ ಬೇಕೇ ಬೇಕು, ಅದಿಲ್ಲದೆ ಮಷಿನ್ ಮುಟ್ಟಲೇಬಾರದು. ಆದರೆ ಗ್ಯಾರೇಜುಗಳಲ್ಲಿ ಬಳಸುವ ಸಾಮಾನ್ಯ ಗೇಜ್ ಲೋಹದಿಂದ ಮೇಲ್ಮೈವರೆಗಿನ ಒಟ್ಟು ದಪ್ಪ ಹೇಳುತ್ತದೆಯೇ ಹೊರತು, ಕ್ಲಿಯರ್ ಕೋಟ್ ಎಷ್ಟು ಉಳಿದಿದೆ ಅಂತ ಹೇಳುವುದಿಲ್ಲ. ರೀಪೇಂಟ್ ಆದ ಡೋರ್ ಮೇಲೆ 300 ಮೈಕ್ರಾನ್ ತೋರಿಸಿತು ಅನ್ನಿ, ಅದರಲ್ಲಿ ಬಹುಪಾಲು ಪುಟ್ಟಿ, ಪ್ರೈಮರ್ ಆಗಿರಬಹುದು. ಪ್ಲಾಸ್ಟಿಕ್ ಬಂಪರ್ ಮೇಲಂತೂ ಅದು ಏನನ್ನೂ ತೋರಿಸುವುದಿಲ್ಲ. ಕಣ್ಣಿಗೂ ಮುನ್ಸೂಚನೆ ಸಿಗುವುದಿಲ್ಲ, ಯಾಕೆಂದರೆ ಪೂರ್ತಿ ಹೋಗುವ ಕ್ಷಣದವರೆಗೂ ಪೇಂಟ್ ಚೆನ್ನಾಗಿಯೇ ಹೊಳೆಯುತ್ತಿರುತ್ತದೆ.

ಆ ಕ್ಷಣ ಎಷ್ಟು ಬೇಗ ಬರುತ್ತದೆ ಅಂತ ಕೈಗೆ ಗೊತ್ತಾಗಬೇಕು, ಅದಕ್ಕೇ ಗುಜರಿ ಬಾನೆಟ್. ಪೇಪರಿನ ಹಿಂದೆ ಬ್ಲಾಕ್ ಇಲ್ಲದೆ ಬರೀ ಬೆರಳಿಂದ ಒತ್ತಿದರೆ ಬೆರಳಿನ ಜಾಗದಲ್ಲೇ ಹಳ್ಳ ಬೀಳುತ್ತದೆ. ನೀರು ಹಾಕಿ ಉಜ್ಜುವಾಗ ಹಾಲಿನಂಥ ಬಿಳಿ ನೀರು ಇಳಿಯುತ್ತಿದ್ದರೆ ಅದು ಕ್ಲಿಯರ್ ಕೋಟ್. ಅದರಲ್ಲಿ ಕಾರಿನ ಬಣ್ಣ ಕಂಡರೆ ಮುಗಿಯಿತು, ರೀಪೇಂಟ್ ಬಿಟ್ಟು ದಾರಿಯಿಲ್ಲ. ಅಂಚುಗಳಲ್ಲಿ, ಬಾಡಿ ಲೈನ್ ಮೇಲೆ ಪೇಂಟ್ ತೆಳು, ಒತ್ತಡ ಜಾಸ್ತಿ, ಹಾಗಾಗಿ ಮೊದಲು ಹೋಗುವುದೇ ಅಲ್ಲಿ. ರೋಟರಿ ಮಷಿನ್ ಒಂದೇ ಕೇಂದ್ರದ ಸುತ್ತ ತಿರುಗಿ ಬಿಸಿ ಏರಿಸುತ್ತದೆ. ಡಿಎ, ಅಂದರೆ ಡ್ಯುಯಲ್ ಆಕ್ಷನ್ ಮಷಿನ್ ಸುತ್ತುತ್ತಲೇ ಓಲಾಡುವುದರಿಂದ ಬಿಸಿ ಹಂಚಿಹೋಗುತ್ತದೆ, ಜೋರಾಗಿ ಒತ್ತಿದರೆ ಸಾಮಾನ್ಯ ಡಿಎಯ ಪ್ಯಾಡ್ ತಿರುಗುವುದನ್ನೇ ನಿಲ್ಲಿಸುತ್ತದೆ. ಪ್ಲಾಸ್ಟಿಕ್ ಬಿಸಿಯನ್ನು ಸಾಗಿಸದ ಕಾರಣ, ಬಾನೆಟ್ ತಾಳಿಕೊಂಡಷ್ಟು ಹೊತ್ತು ಬಂಪರ್ ತಾಳುವುದಿಲ್ಲ.

ವಿಡಿಯೋ ನೋಡಿ ಕಲಿತರೆ ಸಾಲದೇ ಅಂತ ನೀವು ಕೇಳಬಹುದು. ಪದರಗಳ ಲೆಕ್ಕ, ಪೇಪರಿನ ನಂಬರು, ಯಾವ ಪ್ಯಾಡಿಗೆ ಯಾವ ಕಾಂಪೌಂಡ್, ಇದೆಲ್ಲ ವಿಡಿಯೋದಿಂದ ಬರುತ್ತದೆ. ತೋಳಿನ ಭಾರ ಎಷ್ಟು ಬಿಡಬೇಕು, ಅಂಗೈ ಇಟ್ಟಾಗ ಎಷ್ಟು ಬಿಸಿ ಇದ್ದರೆ ನಿಲ್ಲಿಸಬೇಕು ಅನ್ನುವುದು ನನ್ನ ಮಾತಿನಿಂದ ನಿಮ್ಮ ಕೈಗೆ ಬರುವುದಿಲ್ಲ. ಅದಕ್ಕೆ ಕಬ್ಬಿಣ ಬೇಕು, ಪೇಂಟ್ ಬೇಕು, ಪಕ್ಕದಲ್ಲಿ ಗೊತ್ತಿದ್ದವರು ನಿಂತಿರಬೇಕು.

ಹೂಡಿಯಂಥ ಕಡೆ ಇದು ಇನ್ನೂ ಮುಖ್ಯ. 2023ರ ಮಾರ್ಚ್‌ನಲ್ಲಿ ಇಲ್ಲಿ ಮೆಟ್ರೋ ಓಡಲು ಶುರುವಾಗುವ ಮೊದಲು ವರ್ಷಗಟ್ಟಲೆ ರಸ್ತೆಯುದ್ದಕ್ಕೂ ಕಾಮಗಾರಿ ನಡೆಯಿತು. ಕಟ್ಟಡಗಳ ಧೂಳು ಈಗಲೂ ಇದೆ. ಆ ಧೂಳಿನಲ್ಲಿರುವ ಮರಳಿನ ಕಣ ಕ್ಲಿಯರ್ ಕೋಟ್‌ಗಿಂತ ಗಟ್ಟಿ. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಜಲಮಂಡಳಿ ಕುಡಿಯುವ ನೀರಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತು. ಸರಿಯಾದ ನಿರ್ಧಾರ. ಆದರೆ ಧೂಳು ಕೂತ ಕಾರನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಬಿಸಿಲಲ್ಲಿ ಜೇಡರ ಬಲೆಯಂತೆ ಕಾಣುವ ಗೀರುಗಳು ಬೀಳುತ್ತವೆ. ಗಡಸು ಬೋರ್‌ವೆಲ್ ನೀರು ಬಿಸಿ ಬಾನೆಟ್ ಮೇಲೆ ಒಣಗಿದರೆ ಕ್ಯಾಲ್ಸಿಯಂನ ಬಿಳಿ ಕಲೆ ಉಳಿಯುತ್ತದೆ. ಎರಡಕ್ಕೂ ನಮ್ಮ ಉತ್ತರ ಒಂದೇ, ‘ಒಂದು ರಬ್ಬಿಂಗ್ ಹೊಡೆಸಿಬಿಡಿ’. ಆದರೆ ಹೊಸ ಕಲೆಗೆ ನೀರು ಬೆರೆಸಿದ ವಿನೆಗರ್ ಸಾಕಾಗಬಹುದು, ಉಗುರಿಗೆ ತಗಲುವಷ್ಟು ಆಳದ ಗೀರನ್ನು ಪೂರ್ತಿ ತೆಗೆಯಲು ಹೋಗಬಾರದು. ಒಳ್ಳೆಯ ತರಗತಿ ಮಷಿನ್ ಹಿಡಿಸುವ ಮೊದಲು ಇದನ್ನು ಕಲಿಸುತ್ತದೆ. ಸೆರಾಮಿಕ್ ಕೋಟಿಂಗ್ ಹಾಕಿಸಿದರೆ ಚಿಂತೆಯಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಜಾಹೀರಾತಿನ 9ಎಚ್ ಅನ್ನುವುದು ಪೆನ್ಸಿಲ್ ಗಡಸುತನದ ಅಳತೆ, ಮರಳಿಗೆ ಅದು ಲೆಕ್ಕಕ್ಕಿಲ್ಲ.

ಕೊನೆಯ ಆಕ್ಷೇಪ ನನಗೆ ಬಹಳ ತೂಕದ್ದು ಅನಿಸುತ್ತದೆ. ಗ್ಯಾರೇಜಿನಲ್ಲಿ ಉಸ್ತಾದ್ ಕೈಕೆಳಗೆ ಹತ್ತು ವರ್ಷ ಪಳಗಿದವರ ಮುಂದೆ ಎರಡು ದಿನದ ತರಗತಿ ಯಾವ ಲೆಕ್ಕ? ಆ ಕೈಗಳ ಅಂದಾಜಿನ ಮೇಲೆ ನನಗೆ ಪೂರ್ಣ ಗೌರವ ಇದೆ. ಆದರೆ ರಬ್ಬಿಂಗ್ ಪಾಲಿಶ್‌ನ ಅಭ್ಯಾಸ ಬೆಳೆದದ್ದು ಕ್ಲಿಯರ್ ಕೋಟ್ ಇಲ್ಲದ ಹಳೆಯ ಸಾಲಿಡ್ ಬಣ್ಣದ ಕಾರುಗಳ ಮೇಲೆ. ಅಲ್ಲಿ ಬಟ್ಟೆಗೆ ಬಣ್ಣ ಹತ್ತುವುದು ಸಹಜ, ಕೆಳಗೂ ಅದೇ ಬಣ್ಣ ಇರುತ್ತಿತ್ತು. ಇಂದಿನ ಮೆಟಾಲಿಕ್ ಕಾರಿನ ಮೇಲೆ ಅದೇ ಗುರುತು ಅನಾಹುತದ ಗುರುತು. ಜೊತೆಗೆ ಗ್ಯಾರೇಜಿನಲ್ಲಿ ಕಲಿಯುವ ಹುಡುಗನ ತಪ್ಪು ಗ್ರಾಹಕರ ಕಾರಿನ ಮೇಲೆ ಬೀಳುತ್ತದೆ, ತಪ್ಪು ಮಾಡಿ ನೋಡುವ ಸ್ವಾತಂತ್ರ್ಯ ಅವನಿಗೆ ಇರುವುದಿಲ್ಲ.

ಎರಡು ದಿನದಲ್ಲಿ ಯಾರೂ ಪೇಂಟರ್ ಆಗುವುದಿಲ್ಲ, ಹಾಗೆ ಹೇಳಿ ದುಡ್ಡು ಕೇಳುವವರನ್ನು ನಂಬಬೇಡಿ. ಹತ್ತನೇ ತರಗತಿ ಮುಗಿಸಿದ ಗ್ರಾಮೀಣ ಮಕ್ಕಳಿಗಾಗಿ 2007ರಲ್ಲಿ ಬಿಡದಿಯಲ್ಲಿ ಶುರುವಾದ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ ಕಾರ್ ಪೇಂಟಿಂಗ್ ಒಂದಕ್ಕೇ ಮೂರು ವರ್ಷದ ಕೋರ್ಸ್ ಇಟ್ಟಿತು. ಕಸುಬಾಗಿ ಕಲಿಯಬೇಕಾದರೆ ಅಷ್ಟು ಕಾಲ ಬೇಕು, ಜೊತೆಗೆ ಮಾಸ್ಕ್ ಹಾಕುವ ಶಿಸ್ತೂ ಬೇಕು. ರೀಪೇಂಟ್‌ಗೆ ಬಳಸುವ ಹಾರ್ಡ್‌ನರ್‌ನಲ್ಲಿ ಐಸೋಸಯನೇಟ್ ಇರುತ್ತದೆ. ಸ್ಪ್ರೇ ಮಾಡುವಾಗಿನ ಮಂಜು, ಪೂರ್ತಿ ಒಣಗದ ಪೇಂಟಿನ ಧೂಳು ಉಸಿರಿಗೆ ಹೋದರೆ ಅಸ್ತಮಾ ಬರಬಹುದು, ಮುಖಕ್ಕೆ ಕಟ್ಟಿದ ಕರ್ಚೀಫ್ ಅದನ್ನು ತಡೆಯುವುದಿಲ್ಲ.