ನೆಂಟರೆಲ್ಲ ಜಗುಲಿಯಲ್ಲೇ ಕೂರಬೇಕೇ?

ಮಕ್ಕಳೇ, ದೇವನಹಳ್ಳಿ ಹತ್ತಿರ ನಲ್ಲೂರು ಅಂತ ಒಂದು ಊರಿದೆ. ಅಲ್ಲೊಂದು ತುಂಬ ಹಳೆಯ ಹುಣಸೆ ತೋಪು. ಸುಮಾರು 54 ಎಕರೆ ಜಾಗದಲ್ಲಿ ಗಂಟುಗಂಟು ಕಾಂಡದ ಮುದಿ ಮರಗಳು ನಿಂತಿವೆ. 2007ರಲ್ಲಿ ಈ ತೋಪನ್ನು ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಿದರು. ಇಡೀ ಭಾರತದಲ್ಲಿ ಆ ಹೆಸರು ಮೊದಲು ಸಿಕ್ಕಿದ್ದು ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಈ ತೋಪಿಗೇ!

ನಿಮ್ಮ ಮೇಷ್ಟ್ರು ಈ ತೋಪಿನ ಬಗ್ಗೆ ಪ್ರಾಜೆಕ್ಟ್ ಮಾಡಿಕೊಂಡು ಬನ್ನಿ ಅಂದರು ಅಂತಿಟ್ಟುಕೊಳ್ಳಿ. ಕಂಪ್ಯೂಟರ್ ಮುಂದೆ ಕೂತು ಒಂದು ಪುಟ ತೆರೆದಿರಿ. ಹುಣಸೆಯ ಮೂಲ ಆಫ್ರಿಕಾ ಅಂತ ಅದರಲ್ಲಿತ್ತು. ನಮ್ಮ ಸಾರಿನ ಹುಣಸೆ ಆಫ್ರಿಕಾದ್ದೇ? ಬೆರಗಾಗಿ ಇನ್ನೊಂದು ಪುಟ ತೆರೆದಿರಿ. ತೋಪಿನೊಳಗಿನ ಹಳೇ ದೇವಸ್ಥಾನಕ್ಕೆ ಮತ್ತೊಂದು, ದೇವನಹಳ್ಳಿಯ ಚಕ್ಕೋತ ಹಣ್ಣಿಗೆ ಮಗದೊಂದು. ನೋಡನೋಡುತ್ತ ಪರದೆಯ ಮೇಲಂಚಿನಲ್ಲಿ ಪುಟ್ಟ ಪುಟ್ಟ ಪಟ್ಟಿಗಳು ಸಾಲುಗಟ್ಟಿದವು. ಇವನ್ನೇ ಟ್ಯಾಬ್ ಅನ್ನುವುದು. ಟ್ಯಾಬ್ ಹೆಚ್ಚಿದಷ್ಟೂ ಪಟ್ಟಿ ಸಣ್ಣದಾಗುತ್ತದೆ. ಕೊನೆಗೆ ಯಾವುದು ಯಾವ ಪುಟ ಅಂತ ಹೆಸರೂ ಓದಲಾಗುವುದಿಲ್ಲ.

ಈಗ ಒಂದು ಪ್ರಶ್ನೆ. ನೀವು ತೆರೆದ ಆ ಪುಟ ನಿಜವಾಗಿ ಇರುವುದು ಎಲ್ಲಿ? ನಿಮ್ಮ ಕಂಪ್ಯೂಟರಿನೊಳಗೆ ಅಲ್ಲ. ಎಲ್ಲೋ ದೂರದಲ್ಲಿ, ಹಗಲೂ ರಾತ್ರಿ ಚಾಲೂ ಇರುವ ಸರ್ವರ್ ಎಂಬ ಕಂಪ್ಯೂಟರಿನಲ್ಲಿ ಅದರ ಮನೆ. ನೀವು ಕೇಳಿದಾಗ ಅದರ ಒಂದು ಪ್ರತಿ ನಿಮ್ಮಲ್ಲಿಗೆ ಬರುತ್ತದೆ.

ಹೀಗೆ ಊಹಿಸಿಕೊಳ್ಳಿ. ನಿಮ್ಮ ಮನೆಯ ಜಗುಲಿಗೆ ನೆಂಟರು ಬಂದಿದ್ದಾರೆ. ಒಬ್ಬರು ಬಂದರೆ ಸುಖವಾಗಿ ಮಾತಾಡಬಹುದು. ಇಪ್ಪತ್ತು ಜನ ಬಂದರೆ? ಎಲ್ಲರಿಗೂ ಜಾಗ ಬೇಕು, ಕಾಫಿ ಬೇಕು. ಮಾತಾಡದೆ ಸುಮ್ಮನೆ ಕೂತವರಿಗೂ ಜಾಗ ಬೇಕೇ ಬೇಕು. ತೆರೆದ ಟ್ಯಾಬ್‌ಗಳು ಆ ನೆಂಟರು. ಜಗುಲಿ ಅಂದರೆ ಕಂಪ್ಯೂಟರಿನ ರ‍್ಯಾಮ್, ಅಂದರೆ ಸದ್ಯದ ಕೆಲಸಕ್ಕೆ ಬಳಸುವ ನೆನಪಿನ ಜಾಗ. ಅದು ತುಂಬುತ್ತ ಬಂದ ಹಾಗೆ ಕಂಪ್ಯೂಟರ್ ನಿಧಾನವಾಗುತ್ತದೆ.

ಹಾಗಂತ ನೆಂಟರನ್ನು ಕಳೆದುಕೊಳ್ಳಬೇಕಾಗಿಲ್ಲ. ಅವರ ವಿಳಾಸ ಒಂದು ಡೈರಿಯಲ್ಲಿ ಬರೆದಿಟ್ಟುಕೊಂಡರೆ ಸಾಕು. ಅವರು ಅವರ ಮನೆಗೆ ಹೋಗಲಿ, ಬೇಕಾದಾಗ ಮತ್ತೆ ಕರೆಯೋಣ. ಹೀಗೆ ಪುಟದ ವಿಳಾಸ ಬರೆದಿಟ್ಟುಕೊಳ್ಳುವುದೇ ಬುಕ್‌ಮಾರ್ಕ್. ಅದರಲ್ಲಿ ಉಳಿಯುವುದು ಪುಟವಲ್ಲ. ಪುಟದ ಹೆಸರು ಮತ್ತು ವಿಳಾಸ, ಅಷ್ಟೇ. ಅದಕ್ಕೇ ಸಾವಿರ ಬುಕ್‌ಮಾರ್ಕ್ ಇದ್ದರೂ ಕಂಪ್ಯೂಟರಿಗೆ ಭಾರವಿಲ್ಲ.

ವಿಳಾಸ ಹೇಗಿರುತ್ತದೆ, ಹತ್ತಿರದಿಂದ ನೋಡೋಣ ಬನ್ನಿ. ಕನ್ನಡ ವಿಕಿಪೀಡಿಯದ ವಿಳಾಸ ಕೆಎನ್ ಡಾಟ್ ವಿಕಿಪೀಡಿಯ ಡಾಟ್ ಓಆರ್‌ಜಿ. ಕೆಎನ್ ಅಂದರೆ ಕನ್ನಡ. ವಿಕಿಪೀಡಿಯ ಎಂಬುದು ತಾಣದ ಹೆಸರು. ಓಆರ್‌ಜಿ ಅಂದರೆ ಸಂಸ್ಥೆ. ಇದಾದ ಮೇಲೆ ಒಂದು ಓರೆಗೆರೆ, ಆಮೇಲೆ ನಿಮಗೆ ಬೇಕಾದ ಪುಟದ ಗುರುತು. ಜಗತ್ತಿನ ಒಂದೊಂದು ಪುಟಕ್ಕೂ ಹೀಗೆ ತನ್ನದೇ ವಿಳಾಸ ಇದೆ. ಪುಟಗಳ ಈ ಜಾಲವನ್ನು ರೂಪಿಸಿದವರು ಟಿಮ್ ಬರ್ನರ್ಸ್‌-ಲೀ. ಜಿನೀವಾದ ಸರ್ನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿದ್ದಾಗ, 1989ರಲ್ಲಿ ಅವರು ಇದರ ಯೋಜನೆಯನ್ನು ಮುಂದಿಟ್ಟರು. ಇಂಥ ಪುಟಗಳನ್ನು ತೆರೆದು ತೋರಿಸುವ ತಂತ್ರಾಂಶವೇ ಬ್ರೌಸರ್. 1993ರಲ್ಲಿ ಬಂದ ಮೊಸಾಯಿಕ್ ಎಂಬ ಬ್ರೌಸರಿನಲ್ಲೇ ಇಷ್ಟದ ವಿಳಾಸಗಳನ್ನು ಪಟ್ಟಿ ಮಾಡಿಡುವ ಸೌಲಭ್ಯ ಇತ್ತು.

ಬನ್ನಿ, ಈಗ ಕೈಯಾರೆ ಮಾಡೋಣ. ಕ್ರೋಮ್ ಅಥವಾ ಫೈರ್‌ಫಾಕ್ಸ್ ತೆರೆದರೆ ವಿಳಾಸ ಕಾಣುವ ಪಟ್ಟಿಯ ಬಲತುದಿಯಲ್ಲಿ ಒಂದು ನಕ್ಷತ್ರ ಇರುತ್ತದೆ. ಅದನ್ನು ಒತ್ತಿ. ಪುಟ ಬುಕ್‌ಮಾರ್ಕ್ ಆಯಿತು! ಕೀಲಿಮಣೆಯಲ್ಲಿ ಕಂಟ್ರೋಲ್ ಕೀ ಹಿಡಿದು ಡಿ ಒತ್ತಿದರೂ ಅದೇ ಕೆಲಸ ಆಗುತ್ತದೆ. ತೆರೆದಿರುವ ಎಲ್ಲ ಟ್ಯಾಬ್‌ಗಳನ್ನೂ ಒಂದೇ ಸಲಕ್ಕೆ ಉಳಿಸಬೇಕೇ? ಕಂಟ್ರೋಲ್, ಶಿಫ್ಟ್ ಎರಡನ್ನೂ ಹಿಡಿದು ಡಿ ಒತ್ತಿ. ಒಂದು ಫೋಲ್ಡರಿಗೆ ಹೆಸರು ಕೊಡಿ ಅಂತ ಬ್ರೌಸರ್ ಕೇಳುತ್ತದೆ. 'ನಲ್ಲೂರು ಹುಣಸೆ ತೋಪು' ಅಂತ ಬರೆಯಿರಿ. ಇನ್ನು ಧೈರ್ಯವಾಗಿ ಎಲ್ಲ ಟ್ಯಾಬ್‌ಗಳನ್ನೂ ಮುಚ್ಚಿಬಿಡಿ.

ವಿಳಾಸಗಳೆಲ್ಲ ಒಂದೇ ಕಡೆ ಕಲಸುಮೇಲೋಗರವಾದರೆ ಹುಡುಕುವುದು ಕಷ್ಟ. ಡೈರಿಯಲ್ಲಿ ಅಮ್ಮನ ಕಡೆಯವರಿಗೊಂದು ಹಾಳೆ, ಅಪ್ಪನ ಕಡೆಯವರಿಗೊಂದು ಹಾಳೆ ಇಟ್ಟ ಹಾಗೆ, ವಿಷಯಕ್ಕೊಂದು ಫೋಲ್ಡರ್ ಮಾಡಿ. ಹುಣಸೆಗೆ ಒಂದು, ಚಕ್ಕೋತಕ್ಕೆ ಒಂದು, ಶಿವಗಂಗೆ ಬೆಟ್ಟಕ್ಕೆ ಒಂದು. ಪುಟದ ಹೆಸರು ಉದ್ದವಾಗಿದ್ದರೆ ಅಳಿಸಿ, ನಿಮಗೆ ಹೊಳೆದ ಹೆಸರಿಡಿ. 'ಹುಣಸೆ ಎಲ್ಲಿಂದ ಬಂತು?' ಅಂತ ಕನ್ನಡದಲ್ಲೇ ಬರೆದಿಟ್ಟರೆ ತಿಂಗಳಾದ ಮೇಲೂ ತಟ್ಟನೆ ಸಿಗುತ್ತದೆ.

ಒಂದು ಮಾತು ನೆನಪಿರಲಿ. ನೆಂಟರು ಮನೆ ಬದಲಾಯಿಸಿದರೆ ಹಳೇ ವಿಳಾಸದಲ್ಲಿ ಅವರು ಸಿಗುವುದಿಲ್ಲ. ತಾಣದವರು ಪುಟವನ್ನು ಬೇರೆಡೆಗೆ ಸರಿಸಿದರೆ ಅಥವಾ ತೆಗೆದುಹಾಕಿದರೆ ನಿಮ್ಮ ಬುಕ್‌ಮಾರ್ಕ್ ಒತ್ತಿದಾಗ 'ಪುಟ ಸಿಗಲಿಲ್ಲ' ಅಂತ ಬರಬಹುದು. ನೆಟ್ ಇಲ್ಲದಿದ್ದಾಗಲೂ ಬರೀ ವಿಳಾಸದಿಂದ ಪುಟ ಬರುವುದಿಲ್ಲ. ಆದ್ದರಿಂದ ಬಹಳ ಮುಖ್ಯ ಅನ್ನಿಸಿದ ಪುಟವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ, ಇಲ್ಲವೇ ಬೇಕಾದ ಸಾಲುಗಳನ್ನು ನೋಟ್‌ಬುಕ್ಕಿಗೆ ಬರೆದುಕೊಳ್ಳಿ.

ಶಾಲೆಯ ಕಂಪ್ಯೂಟರನ್ನು ಹಲವು ಮಕ್ಕಳು ಬಳಸುತ್ತಾರೆ. ಅಲ್ಲಿ ನೀವು ಮಾಡಿದ ಬುಕ್‌ಮಾರ್ಕ್ ಎಲ್ಲರಿಗೂ ಕಾಣಬಹುದು. ಪ್ರಾಜೆಕ್ಟಿನ ಫೋಲ್ಡರ್ ಆದರೆ ಅದು ಒಳ್ಳೆಯದೇ. ನೀವು ಹುಡುಕಿದ್ದು ಪಕ್ಕದ ಗೆಳತಿಗೂ ದಾರಿ ತೋರಿಸುತ್ತದೆ.

ಇವತ್ತು ಕಂಪ್ಯೂಟರ್ ಆಫ್ ಮಾಡುವ ಮುಂಚೆ ತೆರೆದ ಟ್ಯಾಬ್‌ಗಳನ್ನು ಒಂದು ಸಲ ನೋಡಿ. ಬೇಕಾದವಕ್ಕೆ ನಕ್ಷತ್ರ ಒತ್ತಿ, ಫೋಲ್ಡರಿಗೆ ಸೇರಿಸಿ, ಉಳಿದವನ್ನು ಮುಚ್ಚಿ. ವಾರಕ್ಕೊಮ್ಮೆ ಫೋಲ್ಡರ್ ತೆರೆದು, ಕೆಲಸ ಮುಗಿದ ವಿಳಾಸಗಳನ್ನು ಅಳಿಸಿ. ಇಷ್ಟು ರೂಢಿ ಮಾಡಿಕೊಂಡರೆ, ಒಮ್ಮೆ ಕಷ್ಟಪಟ್ಟು ಹುಡುಕಿದ್ದನ್ನು ಮತ್ತೆ ಮೊದಲಿನಿಂದ ಹುಡುಕುವ ಕೆಲಸ ನಿಮಗೆ ಬೀಳುವುದಿಲ್ಲ.