ನಿಲ್ಲಿಸುವ ಅಧಿಕಾರ ಯಾರದು?



ಹಿಂದೆ ಧಾರಾವಾಹಿಯ ಮುಂದಿನ ಕಂತಿಗಾಗಿ ವಾರವಿಡೀ ಕಾಯಬೇಕಿತ್ತು. 2013ರ ಫೆಬ್ರವರಿ 1ರಂದು ನೆಟ್‌ಫ್ಲಿಕ್ಸ್ ಸಂಸ್ಥೆಯು ‘ಹೌಸ್ ಆಫ್ ಕಾರ್ಡ್ಸ್’ನ 13 ಕಂತುಗಳನ್ನು ಒಮ್ಮೆಲೇ ಬಿಡುಗಡೆ ಮಾಡಿತು. ಈಗ ಒಂದು ಕಂತು ಮುಗಿದೊಡನೆ ಮುಂದಿನದು ತಾನಾಗಿಯೇ ಆರಂಭವಾಗುತ್ತದೆ. ನಿದ್ದೆಯೊಂದಿಗೂ ತಮಗೆ ಪೈಪೋಟಿಯಿದೆಯೆಂದು ಅದರ ಅಂದಿನ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ 2017ರಲ್ಲಿ ಹೇಳಿದ್ದರು. ಅಂದರೆ ನಮ್ಮ ಸಮಯವೇ ಅಲ್ಲಿನ ಸರಕು.

ಆದರೆ ಮಕ್ಕಳನ್ನಷ್ಟೇ ಗದರಿದರೆ ಸಾಲದು. ವಿದ್ಯಾರ್ಥಿಯು ಕುತೂಹಲದಿಂದ ನಿದ್ದೆಗೆಟ್ಟು ನೋಡುತ್ತಾನೆ. ದುಡಿದು ದಣಿದವರು ಚಿಂತೆ ಮರೆಯಲು ನೋಡುತ್ತಾರೆ. ವೃದ್ಧರು ಮಾತನಾಡಿಸುವವರಿಲ್ಲದೆ ನೋಡುತ್ತಾರೆ. ಒಬ್ಬರಿಗೆ ಶಿಸ್ತು, ಒಬ್ಬರಿಗೆ ವಿಶ್ರಾಂತಿ, ಇನ್ನೊಬ್ಬರಿಗೆ ಸಂಗಾತ ಬೇಕಾಗಿದೆ. ಮುಂದಿನ ಕಂತು ತಾನಾಗಿ ಆರಂಭವಾಗುವುದನ್ನು ಸೆಟ್ಟಿಂಗ್‌ನಲ್ಲಿ ಇಂದೇ ತಡೆಯೋಣ. ಉಳಿದ ಒಂದು ಗಂಟೆಯನ್ನು ಮನೆಯ ಹಿರಿಯರೊಂದಿಗೆ ಕಳೆಯೋಣ. ಬದುಕಿನ ತೃಪ್ತಿಯು ಅಲ್ಲಿಂದಲೇ ಆರಂಭವಾಗಲಿ.