ಉಪಗೋಷ್ಠಿಗಳನ್ನು ಸಜ್ಜುಗೊಳಿಸುವ ಬಗೆ

(ಸಂಘದ ಸಮ್ಮೇಲನದ ಪೂರ್ವಸಿದ್ಧತಾ ಸಭೆಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕಾಸರಗೋಡು ಸೀಮೆಯ ಕನ್ನಡ ಮಾಧ್ಯಮದ ಮಕ್ಕಳ ಹೆತ್ತವರನ್ನು ಒಂದೆಡೆ ಸೇರಿಸಿ ಒಂದು ದಿನದ ಸಮ್ಮೇಲನವನ್ನು ನಡೆಸಲು ನಮ್ಮ ಸಂಘವು ಸಂಕಲ್ಪಿಸಿದೆ. ಅದರಲ್ಲಿ ಉಪಗೋಷ್ಠಿಗಳು ಇರತಕ್ಕದ್ದೆಂದು ಕಾರ್ಯಕಾರಿ ಸಮಿತಿಯು ನಿರ್ಣಯಿಸಿ, ಅವುಗಳ ಏರ್ಪಾಡಿನ ಕುರಿತು ಎರಡು ಮಾತು ಹೇಳುವ ಹೊಣೆಯನ್ನು ನಮಗೆ ವಹಿಸಿದೆ. ಉಪಗೋಷ್ಠಿಯೆಂದರೆ, ಮಹಾಸಭೆಯು ಕೆಲಹೊತ್ತು ಸಣ್ಣ ಸಣ್ಣ ಗುಂಪುಗಳಾಗಿ ಬೇರ್ಪಟ್ಟು, ಗೊತ್ತಾದ ಒಂದು ಪ್ರಶ್ನೆಯನ್ನು ಚರ್ಚಿಸಿ, ಮರಳಿ ಒಂದುಗೂಡುವ ಕ್ರಮ.

ಸಮ್ಮೇಲನವೆಂದೊಡನೆ ನಮ್ಮ ಕಣ್ಣಮುಂದೆ ಬರುವುದು ವೇದಿಕೆ, ಹೂಹಾರ, ಸ್ವಾಗತ ಭಾಷಣ, ವಂದನಾರ್ಪಣೆ. ಅವು ಇರಲಿ. ಹಿರಿಯರ ಉಪನ್ಯಾಸದಿಂದ ಅರಿವು ಬೆಳೆಯುತ್ತದೆ, ಉತ್ಸಾಹವೂ ಮೂಡುತ್ತದೆ. ಆದರೆ ಆ ದಿನದ ಕೂಲಿಯನ್ನು ಬಿಟ್ಟು, ಬೀಡಿ ಕಟ್ಟುವ ಕೆಲಸವನ್ನೋ ಕಂಗಿನ ತೋಟದ ಕೆಲಸವನ್ನೋ ಬದಿಗಿರಿಸಿ ಬಂದ ತಾಯಿಯೊಬ್ಬಳು ಬೆಳಗಿನಿಂದ ಸಂಜೆಯವರೆಗೆ ಒಂದು ಮಾತನ್ನೂ ಆಡದೆ ಹಿಂದಿರುಗಿದರೆ, ಆಕೆ ಬಂದುದರಿಂದ ಸಂಘಕ್ಕೆ ತಿಳಿದದ್ದೇನು? ಮಗುವನ್ನು ಕನ್ನಡ ಶಾಲೆಯಿಂದ ಬಿಡಿಸಬೇಕೆಂಬ ಯೋಚನೆ ಮನೆಯೊಂದರಲ್ಲಿ ತಿಂಗಳುಗಟ್ಟಲೆ ನಡೆದಿರುತ್ತದೆ. ಅದರ ಕಾರಣವು ಶಾಲೆಗೆ ತಿಳಿಯುವುದು ವರ್ಗಾವಣೆ ಪತ್ರವನ್ನು ಕೇಳಲು ಬಂದ ದಿನ. ಆ ಹೊತ್ತಿಗೆ ಕಾಲ ಮೀರಿರುತ್ತದೆ. ಆ ಕಾರಣವು ಮೊದಲೇ ನಾಲ್ಕು ಜನರ ನಡುವೆ ಹೊರಬೀಳಲು ಎಡೆಮಾಡಿಕೊಡುವುದೇ ಉಪಗೋಷ್ಠಿಯ ಮುಖ್ಯ ಪ್ರಯೋಜನ.

ಕೇಳುವುದಕ್ಕೂ ಕೂಡಿ ಮಾತಾಡಿ ನಿಶ್ಚಯಿಸುವುದಕ್ಕೂ ಎಷ್ಟು ಅಂತರವಿದೆಯೆಂಬುದನ್ನು ತೋರಿಸುವ ಒಂದು ಪ್ರಯೋಗವನ್ನು ಇಲ್ಲಿ ನೆನೆಯುವುದು ಉಚಿತ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕೆಯಲ್ಲಿ ಮಾಂಸದ ಅಭಾವ ತಲೆದೋರಬಹುದೆಂಬ ಚಿಂತೆಯುಂಟಾಗಿ, ಅಲ್ಲಿಯ ಗೃಹಿಣಿಯರು ರೂಢಿಯಲ್ಲಿಲ್ಲದ ಕೆಲವು ಬಗೆಯ ಮಾಂಸವನ್ನು ಬಳಸುವಂತೆ ಮಾಡಬೇಕಾಯಿತು. ಮನಶ್ಶಾಸ್ತ್ರಜ್ಞ ಕುರ್ಟ್ ಲೆವಿನ್ ಎಂಬವರು 13ರಿಂದ 17 ಮಂದಿ ಮಹಿಳೆಯರಿದ್ದ ಆರು ಗುಂಪುಗಳನ್ನು ಆರಿಸಿಕೊಂಡರು. ಮೂರು ಗುಂಪುಗಳಿಗೆ ಸೊಗಸಾದ ಉಪನ್ಯಾಸ. ಉಳಿದ ಮೂರು ಗುಂಪುಗಳಲ್ಲಿ ಅದೇ ವಿಷಯದ ಚರ್ಚೆ. ಎರಡಕ್ಕೂ ದೊರೆತ ಕಾಲ 45 ನಿಮಿಷ. ಬಳಿಕ ವಿಚಾರಿಸಿದಾಗ, ಉಪನ್ಯಾಸ ಕೇಳಿದವರಲ್ಲಿ ಹೊಸದನ್ನು ಮಾಡಿ ಬಡಿಸಿದವರು ನೂರಕ್ಕೆ 3 ಮಂದಿ. ಚರ್ಚಿಸಿದವರಲ್ಲಿ ನೂರಕ್ಕೆ 32 ಮಂದಿ. ಆದರೆ ಒಂದು ಸಂಗತಿಯನ್ನು ಮರೆಯಬಾರದು. ಚರ್ಚಿಸಿದ ಗುಂಪುಗಳು ಬರಿದೆ ಮಾತಾಡಿ ಎದ್ದುಹೋಗಲಿಲ್ಲ. ಕೊನೆಯಲ್ಲಿ ಅವರು ಕೈಯೆತ್ತಿ ಒಪ್ಪಿಗೆ ಸೂಚಿಸಿದ್ದರು. ಮುಂದೆ ಬಂದು ವಿಚಾರಿಸುವೆವೆಂದೂ ಅವರಿಗೆ ತಿಳಿಸಲಾಗಿತ್ತು. ಮಾತು, ನಿಶ್ಚಯ, ವಿಚಾರಣೆ ಈ ಮೂರೂ ಕೂಡಿದಾಗಲೇ ಫಲ ದೊರೆಯಿತು.

ಆದುದರಿಂದ ಉಪಗೋಷ್ಠಿಯ ಯೋಜನೆಯನ್ನು ಕೊನೆಯಿಂದ ಮೊದಲ್ಗೊಳ್ಳಬೇಕು. ಗುಂಪು ಏನನ್ನು ನಿಶ್ಚಯಿಸಿ ಹೊರಬರಬೇಕು? ಅದನ್ನು ತಿಳಿದ ಮೇಲೆ ಪ್ರಶ್ನೆಯನ್ನು ರಚಿಸಬೇಕು. "ಗಡಿನಾಡಿನಲ್ಲಿ ಕನ್ನಡದ ಭವಿಷ್ಯ" ಎಂಬುದು ಉಪನ್ಯಾಸಕ್ಕೆ ತಕ್ಕ ವಿಷಯ. ಎಂಟು ಜನ ಒಂದು ಗಂಟೆಯಲ್ಲಿ ನಿಶ್ಚಯಿಸಬಲ್ಲ ಪ್ರಶ್ನೆಯಲ್ಲ. "ಮನೆಯಲ್ಲಿ ಕನ್ನಡವಾಡದ ಮಗುವು ಒಂದನೆಯ ತರಗತಿಯಲ್ಲಿ ಹಿಂದೆ ಬೀಳದಂತೆ ಮೊದಲ ಮೂರು ತಿಂಗಳು ಮನೆಯವರೂ ಶಾಲೆಯವರೂ ಏನು ಮಾಡಬೇಕು?" ಎಂಬುದು ಪ್ರಶ್ನೆ. "ಹತ್ತನೆಯ ತರಗತಿ ಮುಗಿಸಿ ಇಂಗ್ಲಿಷ್ ಮಾಧ್ಯಮಕ್ಕೆ ಹೋಗಲಿರುವ ಮಗುವನ್ನು ಒಂಬತ್ತನೆಯ ತರಗತಿಯಿಂದಲೇ ಅಣಿಗೊಳಿಸುವುದು ಹೇಗೆ?" ಎಂಬುದು ಇನ್ನೊಂದು. "ಶಾಲೆಯ ಪುಸ್ತಕಭಂಡಾರದ ಪುಸ್ತಕಗಳು ಮನೆಮನೆಗೆ ತಲುಪುವ ಬಗೆ ಯಾವುದು?" ಎಂಬುದು ಮೂರನೆಯದು. 1956ರ ನವೆಂಬರ್ 1ರಂದು ಈ ಸೀಮೆಯು ಕೇರಳಕ್ಕೆ ಸೇರಿದಂದಿನಿಂದ ನಮ್ಮವರ ಸಭೆಗಳು ಸರಕಾರವನ್ನು ಉದ್ದೇಶಿಸಿ ಅನೇಕ ಗೊತ್ತುವಳಿಗಳನ್ನು ಅಂಗೀಕರಿಸಿವೆ. ಅವೂ ಬೇಕು. ಆದರೆ ಉಪಗೋಷ್ಠಿಯ ಗೊತ್ತುವಳಿಯು ಅಲ್ಲಿ ಕುಳಿತವರನ್ನೇ ಉದ್ದೇಶಿಸಿದ್ದಾಗಿರಬೇಕು.

ಇನ್ನು ಗುಂಪಿನ ಗಾತ್ರ. ಫ್ರಾನ್ಸ್ ದೇಶದ ರಿಂಗೆಲ್ಮನ್ ಎಂಬ ಕೃಷಿ ತಂತ್ರಜ್ಞರು ಹಗ್ಗ ಎಳೆಯುವವರ ಬಲವನ್ನಳೆದು 1913ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಎಳೆಯುವವರ ಸಂಖ್ಯೆ ಏರಿದಂತೆಲ್ಲ ಒಬ್ಬೊಬ್ಬನ ಪಾಲಿನ ಎಳೆತವು ಇಳಿಯುತ್ತ ಹೋಯಿತೆಂಬುದು ಅದರ ಸಾರಾಂಶ. ರಥೋತ್ಸವದ ಹಗ್ಗ ಹಿಡಿದವರೆಲ್ಲರೂ ಎಳೆಯುವುದಿಲ್ಲವೆಂಬುದು ನಮಗೆ ಹೊಸತಲ್ಲ. ಚರ್ಚೆಯಲ್ಲಿಯೂ ಹೀಗೆಯೇ. ಅಮೆರಿಕೆಯ ಡೊನಾಲ್ಡ್ ಫಿಲಿಪ್ಸ್ ಎಂಬ ಶಿಕ್ಷಣತಜ್ಞರು 1948ರಲ್ಲಿ ಪ್ರಚಾರಕ್ಕೆ ತಂದ ಕ್ರಮದಲ್ಲಿ ಗುಂಪಿಗೆ ಆರೇ ಮಂದಿ, ಕಾಲವೂ ಆರೇ ನಿಮಿಷ. ನಮ್ಮ ಪ್ರಶ್ನೆಗಳಿಗೆ ಆರು ನಿಮಿಷ ಸಾಲದು. ಆದರೆ ಗುಂಪು ಎಂಟು ಜನರನ್ನು ಮೀರಬಾರದು. ಅರುವತ್ತು ನಿಮಿಷಗಳನ್ನು ಮೂವತ್ತು ಜನರಿಗೆ ಹಂಚಿದರೆ ತಲೆಗೆ ಎರಡು ನಿಮಿಷ. ಎಂಟು ಜನರಿಗೆ ಹಂಚಿದರೆ ಏಳೂವರೆ ನಿಮಿಷ. ವಿದ್ಯಾರ್ಥಿಗಳು ಈ ಲೆಕ್ಕವನ್ನು ಮಾಡಿ ನೋಡಬಹುದು.

ಪ್ರತಿಯೊಂದು ಗುಂಪಿಗೂ ಒಬ್ಬ ಸಂಚಾಲಕರು ಬೇಕು. ಅವರು ಹೇಗಿರಬೇಕೆಂಬುದನ್ನು ಪಾರ್ತಿಸುಬ್ಬನ ಕುಂಬಳೆಯ ನೆರೆಯವರಾದ ನಾವು ತಾಳಮದ್ದಳೆಯಿಂದ ಕಲಿಯಬಹುದು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಮಾತೇ ಎಲ್ಲವೂ. ಅರ್ಥಧಾರಿಗಳು ಎಷ್ಟೇ ಸಮರ್ಥರಾಗಲಿ, ಪ್ರಸಂಗದ ಹದ್ದನ್ನು ಮೀರುವಂತಿಲ್ಲ. ಭಾಗವತರು ತಾವು ವಾದಕ್ಕಿಳಿಯುವುದಿಲ್ಲ. ಒಬ್ಬರ ಮಾತು ಸಾಕೆನಿಸಿದಾಗ ಮುಂದಿನ ಪದ್ಯವನ್ನೆತ್ತಿಕೊಳ್ಳುತ್ತಾರೆ. ಮಾತುಗಾರನ ಮಾನಕ್ಕೂ ಕುಂದಿಲ್ಲ, ಪ್ರಸಂಗವೂ ಮುಂದೆ ಸಾಗುತ್ತದೆ. ನಮ್ಮ ಸಂಚಾಲಕರು ಇಂತಹ ಭಾಗವತರಾಗಬೇಕು. ಒಂದು ಭೇದವುಂಟು: ತಾಳಮದ್ದಳೆಯಲ್ಲಿ ಕೇಳುಗರು ಬೇರೆ, ಅರ್ಥಧಾರಿಗಳು ಬೇರೆ; ಉಪಗೋಷ್ಠಿಯಲ್ಲಿ ಬರಿಯ ಕೇಳುಗರೆಂಬವರು ಇಲ್ಲ. ಮುಖ್ಯೋಪಾಧ್ಯಾಯರಾದ ನಾವಾಗಲಿ, ಸಂಘದ ಪದಾಧಿಕಾರಿಗಳಾಗಲಿ ಸಂಚಾಲಕರಾಗುವುದು ಬೇಡ. ಅಧಿಕಾರವುಳ್ಳವರು ಮೊದಲು ಮಾತಾಡಿದರೆ ಉಳಿದವರು ತಲೆಯಾಡಿಸಿ ಸುಮ್ಮನಾಗುತ್ತಾರೆ.

ಭಾಷೆಯ ವಿಚಾರದಲ್ಲಿಯೂ ಎಚ್ಚರ ಬೇಕು. ಸಪ್ತಭಾಷಾ ಸಂಗಮವೆಂದು ಹೆಸರಾದ ಈ ನೆಲದಲ್ಲಿ ನಮ್ಮ ಮಕ್ಕಳ ಮನೆಮಾತು ತುಳು, ಕೊಂಕಣಿ, ಮರಾಠಿ, ಬ್ಯಾರಿ, ಮಲೆಯಾಳ ಎಂದು ನಾನಾ ಬಗೆ. ಗ್ರಂಥಸ್ಥ ಕನ್ನಡ ಬಾರದೆಂಬ ಸಂಕೋಚದಿಂದ ಯಾರೂ ಬಾಯಿ ಮುಚ್ಚಿ ಕುಳಿತುಕೊಳ್ಳಬಾರದು. ತಾಯಿಯು ತುಳುವಿನಲ್ಲಿ ಹೇಳಲಿ, ವರದಿಗಾರರು ಕನ್ನಡದಲ್ಲಿ ಬರೆದು, ಬರೆದುದನ್ನು ಆಕೆಗೆ ಓದಿ ಹೇಳಿ, "ನೀವು ಹೇಳಿದ್ದು ಇದೇ ಅಲ್ಲವೆ ಅಮ್ಮಾ?" ಎಂದು ಕೇಳಿ ದೃಢಪಡಿಸಿಕೊಳ್ಳಲಿ. ಮನೆಮಾತಿಗೆ ಮರ್ಯಾದೆ ದೊರೆತಲ್ಲಿ ಕನ್ನಡದ ಮೇಲಣ ಪ್ರೀತಿಯೂ ಬೆಳೆಯುತ್ತದೆ.

ಏರ್ಪಾಡಿನ ವಿವರ ಹೀಗಿರಲಿ. 96 ಮಂದಿ ಬರುವರೆಂದು ಎಣಿಸಿದರೆ ಎಂಟೆಂಟು ಜನರ 12 ಗುಂಪುಗಳು. ಒಂದೊಂದು ಪ್ರಶ್ನೆಗೆ ನಾಲ್ಕು ಗುಂಪುಗಳು. ಆರು ತರಗತಿ ಕೋಣೆಗಳಲ್ಲಿ ಎರಡೆರಡು ಗುಂಪುಗಳು ಎದುರುಬದುರು ಮೂಲೆಗಳಲ್ಲಿ, ಬೆಂಚುಗಳನ್ನು ಸುತ್ತಲೂ ಜೋಡಿಸಿಕೊಂಡು ಕುಳಿತುಕೊಳ್ಳಲಿ. ಊಟದ ಬಳಿಕ ತೂಕಡಿಕೆ ಸಹಜವಾದುದರಿಂದ ಉಪಗೋಷ್ಠಿಗಳು ಬೆಳಗ್ಗೆಯೇ ನಡೆಯಲಿ. ಪ್ರಶ್ನೆಯ ಚೀಟಿಯು ಒಂದು ವಾರ ಮೊದಲೇ ಮಕ್ಕಳ ಕೈಯಲ್ಲಿ ಮನೆ ಸೇರಲಿ. ಅರುವತ್ತು ನಿಮಿಷಗಳ ವಿಂಗಡಣೆ: ಪರಿಚಯಕ್ಕೂ ಪ್ರಶ್ನೆಯನ್ನು ಓದುವುದಕ್ಕೂ 5, ಮೌನವಾಗಿ ಯೋಚಿಸುವುದಕ್ಕೆ 5, ಒಬ್ಬೊಬ್ಬರಿಗೆ ಎರಡು ನಿಮಿಷದಂತೆ ಸರದಿಯ ಮಾತಿಗೆ 16, ಮುಕ್ತ ಚರ್ಚೆಗೆ 22, ನಿಶ್ಚಯಿಸಿ ಬರೆಯುವುದಕ್ಕೆ 12. ಸರದಿಯ ಮಾತು ಮುಗಿಯುವವರೆಗೆ ಯಾರೂ ಯಾರಿಗೂ ಉತ್ತರ ಕೊಡತಕ್ಕದ್ದಲ್ಲ. ಈ ನಿಯಮವೊಂದನ್ನು ಪಾಲಿಸಿದರೆ ಮಿತಭಾಷಿಗಳಿಗೂ ಎಡೆ ಸಿಗುತ್ತದೆ.

ಗುಂಪಿನ ಬರಹವು ಮೂರೇ ಸಾಲುಗಳಲ್ಲಿರಲಿ: ಮಾಡಬೇಕಾದ ಕೆಲಸ, ಮಾಡುವವರ ಹೆಸರು, ಮಾಡಿ ಮುಗಿಸುವ ತಾರೀಕು. ಒಪ್ಪಿಗೆಯಾಗದ ವಿಷಯವಿದ್ದರೆ ಅದನ್ನೂ ಮುಚ್ಚಿಡದೆ ನಾಲ್ಕನೆಯ ಸಾಲಾಗಿ ಬರೆಯಲಿ. ಹನ್ನೆರಡು ವರದಿಗಳನ್ನು ಒಂದರ ಹಿಂದೊಂದು ಓದಿದರೆ ಸಭೆಗೆ ಬೇಸರ ಬರುವುದು ಖಂಡಿತ. ಚಹಾ ವಿರಾಮದಲ್ಲಿ ಒಂದೇ ಪ್ರಶ್ನೆಯ ನಾಲ್ವರು ವರದಿಗಾರರು ಕಲೆತು ಒಂದು ವರದಿಯನ್ನು ಸಿದ್ಧಪಡಿಸಲಿ. ತಲಾ ಆರು ನಿಮಿಷದಂತೆ ಮೂರು ವರದಿಗಳಿಗೆ ಹದಿನೆಂಟು ನಿಮಿಷ ಸಾಕು. ನಿಶ್ಚಯಗಳ ಪಟ್ಟಿಯನ್ನು ಮರುದಿನವೇ ಸೂಚನಾ ಫಲಕದಲ್ಲಿ ಅಂಟಿಸಿ, ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಮೊದಲು ಅದನ್ನೇ ಓದತಕ್ಕದ್ದು.

ಪ್ರಿಯ ವಿದ್ಯಾರ್ಥಿಗಳೆ, ಇದರಲ್ಲಿ ನಿಮ್ಮ ಪಾಲು ದೊಡ್ಡದು. ಗಂಟೆ ಬಾರಿಸಿ ಕಾಲವನ್ನು ಕಾಯುವವರು, ಬಂದವರನ್ನು ಕೋಣೆಗೆ ಕರೆದೊಯ್ಯುವವರು, ಮೇಲಿನ ತರಗತಿಗಳಿಂದಾದರೆ ವರದಿ ಬರೆಯುವವರು ನೀವೇ. ನಿಮ್ಮ ಬಾಳಿಗೆ ಸಂಬಂಧಿಸಿದ ಚರ್ಚೆಯಲ್ಲಿ ನಿಮ್ಮ ಮಾತೂ ಇರಬೇಕಾದುದರಿಂದ, ಸಮ್ಮೇಲನಕ್ಕೆ ಎರಡು ದಿನ ಮುಂಚೆ ನಿಮ್ಮದೇ ಗುಂಪುಗಳಲ್ಲಿ ಇವೇ ಪ್ರಶ್ನೆಗಳನ್ನು ಚರ್ಚಿಸಿ, ನಿಮ್ಮ ಅಭಿಪ್ರಾಯಗಳನ್ನು ಹೆಸರಿಲ್ಲದೆ ಬರೆದುಕೊಡಿರಿ. ಸಂಚಾಲಕರು ಅದನ್ನು ಹಿರಿಯರ ಮುಂದೆ ಮೊದಲು ಓದುವರು.

ಸಂಖ್ಯೆಯಲ್ಲಿ ಚಿಕ್ಕದಾದ ಸಮುದಾಯವು ತನ್ನವರಲ್ಲಿ ಒಬ್ಬರ ಮಾತನ್ನೂ ವ್ಯರ್ಥಗೊಳಿಸಲಾರದು. ಅಂದು ಬಂದ ಪ್ರತಿಯೊಬ್ಬರೂ ಒಂದು ಮಾತನ್ನಾಡಿ, ಒಂದು ಕೆಲಸವನ್ನು ವಹಿಸಿಕೊಂಡು ಮನೆಗೆ ಮರಳಿದರೆ ನಮ್ಮ ಸಮ್ಮೇಲನವು ಸಾರ್ಥಕ. ಆ ಸಾರ್ಥಕತೆಗಾಗಿ ಎಲ್ಲರ ಸಹಕಾರವನ್ನು ಬೇಡುತ್ತೇವೆ.